ಉ: ಬಫರ್ 7 ಸರಿ ಬರುತ್ತೆ, 4ಕ್ಕೆ ಹಾಕಿದ್ರೆ 4.6 ತೋರ್ಸುತ್ತೆ

ಸರ್, ನಿಮ್ಮ ಪಿಎಚ್ ಮೀಟರ್ (ನೀರಿನ ಹುಳಿ-ಕ್ಷಾರ ಅಳೆಯೋದು) 7ರ ಬಫರಲ್ಲಿ, ಅಂದ್ರೆ ಪಿಎಚ್ ಮೊದ್ಲೇ ಗೊತ್ತಿರೋ ದ್ರಾವಣದಲ್ಲಿ, ಸರಿ ತೋರ್ಸಿ 4ರದ್ರಲ್ಲಿ 4.6 ತೋರ್ಸುತ್ತೆ ಅಂತ ಕೇಳಿದ್ರಲ್ಲ, ಮೀಟರ್ ಕೆಟ್ಟಿಲ್ಲ ಅನ್ಸುತ್ತೆ, ಎಲೆಕ್ಟ್ರೋಡ್ (ನೀರಿಗೆ ಅದ್ದೋ ಕಡ್ಡಿ) ಸ್ಲೋಪ್ ಬಿದ್ದೋಗಿದೆ, ಅಂದ್ರೆ ಪಿಎಚ್ ಒಂದು ಬದಲಾದ್ರೆ ಅದು ಕೊಡೋ ಮಿಲಿವೋಲ್ಟ್ ಕಮ್ಮಿಯಾಗಿದೆ. ಮಿಲಿವೋಲ್ಟ್ ಮೋಡ್‌ಗೆ ಹಾಕಿ ನೋಡಿ, 7ರಲ್ಲಿ ಸೊನ್ನೆ ಆಸುಪಾಸು ಇರ್ಬೇಕು, 4ಕ್ಕೆ ಅದ್ದಿದ್ರೆ ಅಲ್ಲಿಂದ ಸುಮಾರು 177 ಮಿಲಿವೋಲ್ಟ್ ಏರ್ಬೇಕು, 25 ಡಿಗ್ರೀಲಿ ಒಂದು ಪಿಎಚ್‌ಗೆ 59 ಚಿಲ್ರೆ ಲೆಕ್ಕ. 4ರಲ್ಲಿ 4.6 ತೋರ್ಸ್ತಿದೆ ಅಂದ್ರೆ ನಿಮ್ದು 142 ಹತ್ರ ಬರುತ್ತೆ, ಅಂದ್ರೆ 177ರಲ್ಲಿ 80 ಪರ್ಸೆಂಟ್ ಅಷ್ಟೇ, 95ರ ಮೇಲಿರ್ಬೇಕಿತ್ತು.

ಎಲೆಕ್ಟ್ರೋಡನ್ನ ಡಿಸ್ಟಿಲ್ಡ್ ವಾಟರಲ್ಲಿ ಇಟ್ಟಿರ್ತೀವಿ ಅಂತ ಬರ್ದಿದೀರಲ್ಲ, ದಯವಿಟ್ಟು ಅದನ್ನ ಇವತ್ತೇ ನಿಲ್ಸಿ, ಒಳಗಿನ ಉಪ್ಪೆಲ್ಲಾ ನಿಧಾನಕ್ಕೆ ಹೊರಗೆ ಬಂದ್ಬಿಡುತ್ತೆ. 22.4 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿ 100 ಎಂಎಲ್ ಮಾಡಿದ್ರೆ 3 ಮೋಲಾರ್ (ಲೀಟರಿಗೆ 3 ಮೋಲ್) ದ್ರಾವಣ ಆಗುತ್ತೆ, ಅದ್ರಲ್ಲಿ ರಾತ್ರಿಯೆಲ್ಲಾ ನೆನೆಸಿ, ಬೆಳಿಗ್ಗೆ ಹೊಸಾ ಬಫರಲ್ಲಿ ಮೊದ್ಲು 7, ಆಮೇಲೆ 4, ಎರಡಕ್ಕೂ ಕ್ಯಾಲಿಬ್ರೇಟ್ ಮಾಡಿ, ಅಂದ್ರೆ ಮೀಟರನ್ನ ಹೊಂದಿಸಿ. ಬಳಸಿದ ಬಫರ್ ವಾಪಸ್ ಬಾಟಲಿಗೆ ಹುಯ್ಬೇಡಿ. ಎಲೆಕ್ಟ್ರೋಡ್ ತುದಿಯ ಗಾಜಿನ ಬಲ್ಬನ್ನ ಉಜ್ಜಬೇಡಿ, ಟಿಶ್ಯೂಲಿ ಹಾಗೇ ಒತ್ತಿ ತೆಗೀರಿ ಸಾಕು. ಇಷ್ಟಾದ್ಮೇಲೂ ಸ್ಲೋಪ್ ಏರ್ಲಿಲ್ಲ ಅಂದ್ರೆ ಹೊಸಾ ಎಲೆಕ್ಟ್ರೋಡ್ ತಗೊಳ್ಳಿ, ಮೀಟರ್ ಬದಲಾಯಿಸೋದು ಬೇಡ.

ಇನ್ನು ಮಾಲೂರು ಕಡೆ ಬೋರ್ ನೀರು ಬೀಕರಲ್ಲಿ ಇಟ್ಟಷ್ಟೂ ರೀಡಿಂಗ್ ಏರ್ತಾನೇ ಇರುತ್ತೆ ಅಂದ್ರಲ್ಲ, ಅದು ಬರೀ ಎಲೆಕ್ಟ್ರೋಡ್ ತಪ್ಪಲ್ಲ, ಆಳದ ನೀರಲ್ಲಿ ಕರಗಿರೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗ್ತಾ ಹೋಗ್ತಾ ಪಿಎಚ್ ನಿಜವಾಗ್ಲೂ ಏರುತ್ತೆ, ಅದಕ್ಕೇ ಪಂಪು ಸ್ವಲ್ಪ ಹೊತ್ತು ಓಡಿದ್ಮೇಲೆ ಬಾಟಲಿ ಬಾಯ್ತನಕ ತುಂಬ್ಸಿ ಮುಚ್ಚಳ ಹಾಕ್ಬಿಡಿ, ಸಾಧ್ಯ ಆದ್ರೆ ಬೋರ್ ಹತ್ರಾನೇ ಅಳೀರಿ.