ಅಪ್ಪನಿಗೆ ಶುಗರ್ ಇದೆ, ಕ್ರಿಯಾಟಿನಿನ್ 1.4. ಡೈ ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದರೆ ಕಿಡ್ನಿ ಹಾಳಾಗುತ್ತಾ?

ತಂದೆಯವರಿಗೆ 68 ವರ್ಷ, ಡೈ (ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಕೊಡುವ ದ್ರವ) ಹಾಕಿ ಹೊಟ್ಟೆಯ ಸ್ಕ್ಯಾನ್ ಬರೆದಿದ್ದಾರೆ, ಒಪ್ಪಿಗೆ ಪತ್ರದಲ್ಲಿ 'ಕಿಡ್ನಿಗೆ ತೊಂದರೆ ಆಗಬಹುದು' ಎಂದು ಓದಿ ಬೇಡ ಎನಿಸಿದೆ ಎಂದು ಬರೆದಿದ್ದೀರಿ. ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಆ ಸಾಲಿಗೆ ಬಂದಾಗ ಸಹಿ ಹಾಕುವ ಕೈ ನಿಂತುಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಬರೀ 1.4 ನೋಡಿ ಬೇಡ ಅನ್ನಬೇಡಿ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಒಂದು ಕಸ. ಅದೊಂದೇ ಸಾಲದು, ಇಜಿಎಫ್ಆರ್ ಎಷ್ಟು ಎಂದು ಕೇಳಿ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎನ್ನುವ ಅಂದಾಜು ಅದು. ವಯಸ್ಸು, ಗಂಡೋ ಹೆಣ್ಣೋ ಎನ್ನುವುದೂ ಆ ಲೆಕ್ಕಕ್ಕೆ ಬರುತ್ತದೆ. 68 ವರ್ಷದ ಗಂಡಸಿಗೆ 1.4 ಅಂದರೆ ಸುಮಾರು 55. ಅದೇ 1.4 ಎಂಬತ್ತರ ಅಜ್ಜಿಗೆ ಬಂದರೆ ಸುಮಾರು 38. ನಂಬರ್ ಒಂದೇ, ಕಿಡ್ನಿಯ ಸ್ಥಿತಿ ಬೇರೆ ಬೇರೆ. ನಿಜವಾಗಿ ಎಚ್ಚರ ಬೇಕಿರುವುದು ಇದು 30ಕ್ಕಿಂತ ಕೆಳಗಿದ್ದಾಗ, ಇಲ್ಲವೇ ಕಿಡ್ನಿಗೆ ಈಗಷ್ಟೇ ಪೆಟ್ಟು ಬಿದ್ದಿರುವಾಗ. ಅಮೆರಿಕದ ರೇಡಿಯಾಲಜಿ ಮತ್ತು ಕಿಡ್ನಿ ತಜ್ಞರ ಸಂಸ್ಥೆಗಳು 2020ರಲ್ಲಿ ಜೊತೆಯಾಗಿ ಹೇಳಿದ್ದೂ ಇದನ್ನೇ.

ಹಾಗಾದರೆ ಇಷ್ಟು ಭಯ ಯಾಕೆ ಬಂತು? ಹಿಂದಿನ ಡೈಗಳು ರಕ್ತಕ್ಕಿಂತ ಐದಾರು ಪಟ್ಟು ಗಾಢವಾಗಿದ್ದವು. ಈಗಿನವು ಅಷ್ಟಿಲ್ಲ. ಇನ್ನೊಂದು ಕಾರಣವೂ ಇದೆ. ಸ್ಕ್ಯಾನ್ ಆದ ಮೇಲೆ ಕ್ರಿಯಾಟಿನಿನ್ ಏರಿದರೆ ಎಲ್ಲವನ್ನೂ ಡೈ ತಲೆಗೆ ಕಟ್ಟುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಸೋಂಕು, ಬಿಪಿ ಇಳಿಯುವುದು, ವಾಂತಿ ಭೇದಿ ಏನೆಲ್ಲ ಇರುತ್ತದೆ, ಅಲ್ವಾ? ಡೈ ಹಾಕಿದವರನ್ನೂ ಹಾಕದವರನ್ನೂ ಪಕ್ಕಪಕ್ಕ ಇಟ್ಟು ನೋಡಿದ ದೊಡ್ಡ ಅಧ್ಯಯನಗಳಲ್ಲಿ ಹೆಚ್ಚಿನವರ ಮಟ್ಟಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಅಪಾಯ ಸೊನ್ನೆ ಎಂದು ನಾನು ಹೇಳುತ್ತಿಲ್ಲ. ಡೈ ಕಿಡ್ನಿಯ ಒಳಭಾಗದ ರಕ್ತನಾಳಗಳನ್ನು ಸ್ವಲ್ಪ ಹೊತ್ತು ಬಿಗಿ ಮಾಡುತ್ತದೆ. ಅಲ್ಲಿ ಮೊದಲೇ ಆಮ್ಲಜನಕ ಕಡಿಮೆ. ದೇಹ ಒಣಗಿದ್ದರೆ ಪೆಟ್ಟು ಜಾಸ್ತಿ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಏರಿ, ಒಂದೆರಡು ವಾರದಲ್ಲಿ ಮೊದಲಿನಂತಾಗುತ್ತದೆ. ಕಿಡ್ನಿ ತೀರಾ ದುರ್ಬಲವಾಗಿರುವವರಲ್ಲಿ ಕೆಲವರಿಗೆ ಹಾಗೆ ಇಳಿಯುವುದಿಲ್ಲ, ಅದಕ್ಕೇ ಅವರಿಗೆ ಮೊದಲೇ ಸಲೈನ್ ಡ್ರಿಪ್ ಹಾಕುತ್ತಾರೆ. ಹೃದಯ ದುರ್ಬಲ ಇರುವವರಿಗೆ ಡ್ರಿಪ್ ಕೂಡ ಅಳತೆ ನೋಡಿಯೇ ಹಾಕಬೇಕು.

ಮನೆಯವರು ಮಾಡುವ ಒಂದು ತಪ್ಪು ನನಗೆ ಬಹಳ ಬೇಸರ ತರಿಸುತ್ತದೆ. 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂದರೆ ಹಿಂದಿನ ರಾತ್ರಿಯಿಂದ ನೀರನ್ನೂ ಕೊಟ್ಟಿರುವುದಿಲ್ಲ. ವಯಸ್ಸಾದವರು ತುಟಿ ಒಣಗಿಸಿಕೊಂಡು ಬರುತ್ತಾರೆ. ನೀರು ಎಲ್ಲಿಯವರೆಗೆ ಕುಡಿಸಬಹುದು ಎಂದು ಫೋನ್ ಮಾಡಿಯಾದರೂ ಕೇಳಿಕೊಳ್ಳಿ. ಮಂಡಿನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕಿಡ್ನಿಗೆ ಅವುಗಳಿಂದಲೇ ತೊಂದರೆ ಆಗಬಹುದು.

ಮೆಟ್‌ಫಾರ್ಮಿನ್ ಎನ್ನುವ ಶುಗರ್ ಮಾತ್ರೆಯ ಬಗ್ಗೆಯೂ ಕೇಳಿದ್ದೀರಿ. ಆ ಮಾತ್ರೆ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಕೆಟ್ಟರೆ ಅದು ಒಳಗೇ ಉಳಿದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಹುದು ಎನ್ನುವ ಕಾರಣಕ್ಕೆ 48 ಗಂಟೆ ನಿಲ್ಲಿಸಲು ಹೇಳುತ್ತಾರೆ. ಇಜಿಎಫ್ಆರ್ 30ಕ್ಕಿಂತ ಮೇಲಿದ್ದು, ಡೈಯನ್ನು ಕೈಯ ರಕ್ತನಾಳಕ್ಕೆ ಕೊಡುವಾಗ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಆದರೂ ನಿಮ್ಮ ಡಾಕ್ಟರು ನಿಲ್ಲಿಸಿ ಎಂದರೆ ನಿಲ್ಲಿಸಿ, ಮತ್ತೆ ಯಾವಾಗ ಶುರು ಮಾಡಬೇಕು ಎಂದೂ ಕೇಳಿ.

ಡೈ ಇಲ್ಲದೆ ಮಾಡಿಸಿದರಾಯಿತು ಎಂದು ಸುಮ್ನೆ ತೀರ್ಮಾನಿಸಬೇಡಿ. ಕಲ್ಲು ನೋಡಲು ಡೈ ಬೇಕಿಲ್ಲ. ಗಡ್ಡೆ, ರಕ್ತನಾಳ ನೋಡಬೇಕಾದರೆ ಡೈ ಇಲ್ಲದ ಚಿತ್ರ ಅರ್ಧಂಬರ್ಧ. ಒಬ್ಬ ಹಿರಿಯರ ಮನೆಯವರು ಹಟ ಹಿಡಿದು ಹಾಗೇ ಮಾಡಿಸಿದರು. ಏನೂ ಸ್ಪಷ್ಟವಾಗದೆ ಮೂರು ವಾರ ಬಿಟ್ಟು ಮತ್ತೆ ಬಂದರು, ಡೈ ಹಾಕಿಸಿಕೊಳ್ಳಲು. ಗಡ್ಡೆ ಇತ್ತು. ಆ ಮೂರು ವಾರ ನನಗೆ ಇವತ್ತಿಗೂ ಮರೆತಿಲ್ಲ.

ನೀವು ಬರೆಯದೆ ಬಿಟ್ಟ ಒಂದು ವಿಷಯವಿದೆ. ಆ 1.4 ಯಾವತ್ತಿನದು? ಎರಡು ವರ್ಷದಿಂದ ಅಷ್ಟೇ ಇದ್ದರೆ ನಾನು ಮೇಲೆ ಹೇಳಿದ ಲೆಕ್ಕ ಸರಿ. ಹೋದ ವಾರ 0.9 ಇದ್ದು ಈಗ 1.4 ಆಗಿದ್ದರೆ ಆ 55ನ್ನು ನಂಬಬೇಡಿ, ಕಿಡ್ನಿಗೆ ಈಗಲೇ ಏನೋ ಆಗುತ್ತಿದೆ ಎಂದರ್ಥ. ಹಳೇ ರಿಪೋರ್ಟುಗಳನ್ನೆಲ್ಲ ಹುಡುಕಿ ತೆಗೆದು, ತಾರೀಖಿನ ಪ್ರಕಾರ ಜೋಡಿಸಿ, ನಾಳೆ ಡಾಕ್ಟರ ಮುಂದೆ ಇಡಿ.