ಗಾಸ್ಫೋರ್ತ್ ಚರ್ಚಿನ ಶಿಲುಬೆಯ ಮೇಲೆ ವೈಕಿಂಗರ ದೇವರುಗಳು ಯಾಕಿದ್ದಾರೆ?

ಕೆತ್ತಿಸಿದವರು ಆಗಷ್ಟೇ ಕ್ರೈಸ್ತರಾಗುತ್ತಿದ್ದರು, ಅದಕ್ಕೇ. ಇಂಗ್ಲೆಂಡಿನ ಕಂಬ್ರಿಯಾದ ಗಾಸ್ಫೋರ್ತ್ ಹಳ್ಳಿಯ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿರುವ ಈ ಕೆಂಪು ಮರಳುಗಲ್ಲಿನ ಶಿಲುಬೆ 10ನೇ ಶತಮಾನದ್ದು. ಎತ್ತರ ಸುಮಾರು 4.4 ಮೀಟರ್. ಆ ಕಾಲಕ್ಕೆ ಸ್ಕ್ಯಾಂಡಿನೇವಿಯಾ ಮೂಲದವರು, ಅಂದ್ರೆ ನಾವು ವೈಕಿಂಗರು ಅನ್ನುವವರು, ಅಲ್ಲಿ ಬಂದು ನೆಲೆಸಿದ್ದರು.

ಹೊಸ ಧರ್ಮವನ್ನು ಗೊತ್ತಿದ್ದ ಕಥೆಯ ಮೂಲಕ ಹೇಳಿದರೆ ಬೇಗ ಮನಸ್ಸಿಗೆ ಹತ್ತುತ್ತದೆ ಅಲ್ವಾ? ಅವರ ಹಳೆಯ ಕಥೆಯಲ್ಲಿ ದೇವರುಗಳ ಲೋಕವೇ ಒಂದು ದಿನ ನಾಶವಾಗುತ್ತದೆ. ಆಗ ವೀದಾರ್ ಎಂಬ ದೇವರು ರಾಕ್ಷಸ ತೋಳದ ಬಾಯಿ ಸೀಳಿ ಉಳಿಯುತ್ತಾನೆ. ಕಂಬದ ಮೇಲೆ ಅದೂ ಇದೆ, ಶಿಲುಬೆಗೇರಿದ ಯೇಸುವೂ ಇದ್ದಾನೆ. ಕೆಡುಕನ್ನು ಗೆಲ್ಲುವವನೊಬ್ಬ ಇದ್ದಾನೆ ಎಂಬ ಮಾತು ಎರಡರಲ್ಲೂ ಒಂದೇ ಎಂದು ವಿದ್ವಾಂಸರು ಇದನ್ನು ಓದುತ್ತಾರೆ.

ನನಗೆ ತುಂಬಾ ಇಷ್ಟವಾಗುವುದು ಅವರ ಕಥೆಗಳ ಕುತಂತ್ರಿ ದೇವರು ಲೋಕಿಯ ಚಿತ್ರ. ಕಟ್ಟಿಹಾಕಿದ ಅವನ ಮೇಲೆ ಹಾವಿನ ವಿಷ ತೊಟ್ಟಿಕ್ಕುತ್ತಿದೆ. ಹೆಂಡತಿ ಸಿಗಿನ್ ಬಟ್ಟಲು ಹಿಡಿದು ತಡೆಯುತ್ತಿದ್ದಾಳೆ. ಇನ್ನು ಯೇಸುವಿನ ಬಳಿ ನಿಂತ ಹೆಂಗಸನ್ನು ನೋಡಿ: ಉದ್ದ ಜಡೆ, ನೆಲ ಸವರುವ ಉಡುಪು. ಥೇಟ್ ವೈಕಿಂಗರ ಹೆಂಗಸೇ.