ಟೈಮ್‌ಶೀಟಿನಿಂದ ಓಟಿ (ಓವರ್‌ಟೈಮ್, ಹೆಚ್ಚಿನ ತಾಸಿನ ರೊಕ್ಕ) ತೆಗೆಯೋದು ಹೆಂಗ? 51 ತಾಸಿನ ವಾರಕ್ಕ ಎಷ್ಟು ಬರಬೇಕು?

ಬೆಳಗಾವಿ ಉದ್ಯಮಬಾಗದ ಮಷೀನ್ ಶಾಪ್, ವಾರಕ್ಕ 6 ದಿನ, ತಿಂಗಳ ಪಗಾರ 15,600, 2024ರ ಓಟಿ ಬಾಕಿ. ಎಕ್ಸೆಲ್ಲಿಗೂ ಕೈಲೆಕ್ಕಕ್ಕೂ ತಾಳೆ ಆಗವಲ್ದು ಅಂತ ಕೇಳೀರಿ.

ಮೊದಲು ದರ ಗಟ್ಟಿ ಮಾಡ್ಕೋರಿ. 15,600 ÷ 26 (ವಾರದ ಸೂಟಿ ಬಿಟ್ಟು ತಿಂಗಳ ಕೆಲಸದ ದಿನ) = ದಿನಕ್ಕ 600, ಅದನ್ನ 8ರಿಂದ ಭಾಗಿಸಿದ್ರ ತಾಸಿಗೆ 75. 2024ರಾಗ ಜಾರಿ ಇದ್ದ 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಮಿನಂತೆ ದಿನಕ್ಕ 9 ಇಲ್ಲಾ ವಾರಕ್ಕ 48 ತಾಸು ದಾಟಿದ್ದಕ್ಕ ದುಪ್ಪಟ್ಟು, ತಾಸಿಗೆ 150. ಬೇಸಿಕ್ (ಮೂಲ ಪಗಾರ) ಒಂದನ್ನೇ ಹಿಡೀಬ್ಯಾಡ್ರಿ, ಭತ್ಯೆಗಳೂ ಸೇರ್ತಾವು, ಬೋನಸ್ ಸೇರಂಗಿಲ್ಲ. 30ರಿಂದ ಭಾಗಿಸೋ ಮಾಲಕರೂ ಅದಾರ. ಆಗ ಓಟಿ ದರ 130ಕ್ಕ ಇಳೀತೈತಿ, ಅದನ್ನ ನಾನಂತೂ ಒಪ್ಪಂಗಿಲ್ಲ.

ಇನ್ನ ಸೋಮವಾರದ ಸಾಲು: ಒಳಗ 8:00, ಹೊರಗ 18:45. ಊಟದ ಅರ್ಧ ತಾಸು ತೆಗೆದ್ರ 10:15. ಇದು 10.15 ಅಲ್ಲ, 10.25. ನಿಮಿಷಾನ 60ರಿಂದ ಭಾಗಿಸದೆ ಸುಮ್ನ ಚುಕ್ಕಿ ಇಟ್ಟಲ್ಲೇ ರೊಕ್ಕ ಸೋರೋದು.

ಮಂಗಳವಾರ 8.75, ಉಳಿದ 4 ದಿನ 8ರಂತೆ 32, ಒಟ್ಟು 51. ದಿನದ 9 ತಾಸಿನ ಮ್ಯಾಲ ಆದದ್ದು 1.25, ವಾರದ 48ರ ಮ್ಯಾಲ ಆದದ್ದು 3. ಎರಡನ್ನೂ ಕೂಡಿಸಿ 4.25 ಅನ್ನಬ್ಯಾಡ್ರಿ, ಸೋಮವಾರದ 1.25 ಆ 3ರ ಒಳಗೇ ಐತಿ. 3 × 150 = 450.

ಅದೇ ಮನುಷ್ಯ ಶನಿವಾರ ಸೂಟಿ ಹಾಕಿದ್ರ ಒಟ್ಟು 43. "48 ತುಂಬಿಲ್ಲ, ಓಟಿ ಇಲ್ಲ" ಅಂತ ಆಫೀಸಿನವರು ಅಂದ್ರ ಒಪ್ಪಬ್ಯಾಡ್ರಿ. ಸೋಮವಾರದ 1.25 ತಾಸು ಎಲ್ಲೂ ಹೋಗಿಲ್ಲ: 187.50. 1.15 ಅಂತ ಬರೆದಿದ್ರ 172.50, ಅಲ್ಲಿಗೆ 15 ರೂಪಾಯಿ ಹೋತು.

ಎಕ್ಸೆಲ್ಲಿನ ಗೊಂದಲ ಬ್ಯಾರೇನ ಐತಿ. ಅದು ಸಮಯಾನ ದಿನದ ಭಾಗ ಅಂತ ಇಟ್ಕೋತೈತಿ. 3:00ನ್ನ ನೇರ 150ರಿಂದ ಗುಣಿಸಿದ್ರ 18.75 ಬರತೈತಿ. ಮೊದಲು 24ರಿಂದ ಗುಣಿಸಿ, ಖಾನೆಯ ಫಾರ್ಮ್ಯಾಟ್ 'ನಂಬರ್' ಮಾಡ್ರಿ. ಒಟ್ಟು 51 ಇರೋ ಖಾನೆ 3:00 ಅಂತ ತೋರ್ಸಿದ್ರ ಓಟಿ ತಾನಾಗೇ ಬಂತು ಅಂತ ಹಿಗ್ಗಬ್ಯಾಡ್ರಿ. 48 ಅಂದ್ರ ಸರಿಯಾಗಿ ಎರಡು ದಿನ, ಅದನ್ನ ನುಂಗಿ ಉಳಿದದ್ದು ತೋರ್ಸೈತಿ ಅಷ್ಟ. 43ರ ವಾರಕ್ಕ ಅದೇ ಖಾನೆ 19:00 ಅಂತೈತಿ!

ನೈಟ್ ಶಿಫ್ಟಿಗೆ 22:00ರಿಂದ 6:30 ಇದ್ರ ಕಳೆದಾಗ ಬರೇ ####### ಕಾಣತೈತಿ. ಹೊರಗಿನ ಸಮಯಕ್ಕ 1 ಕೂಡಿಸಿ ಆಮ್ಯಾಲ ಕಳೀರಿ. ಆ 1 ಅಂದ್ರ ಒಂದು ದಿನ. ನಡುರಾತ್ರಿ ದಾಟಿದ ತಾಸುಗಳನ್ನ ಹಿಂದಿನ ದಿನದ ಸಾಲಿನಾಗೇ ಹಿಡೀರಿ, ಒಡೆದು ಎರಡು ದಿನಕ್ಕ ಹಂಚಿದ್ರ 9ರ ಮಿತಿ ದಾಟಿದ್ದು ಲೆಕ್ಕಕ್ಕ ಸಿಗದೇ ಹೋಗಬಹುದು.